ಕುರಿ ಮುಟ್ಟದ ಗಿಡ

ಮನೆ ಪಾಲಾದ ದಿನ ದೊಡ್ಡಪ್ಪ ಅಂಗಳ ಅಳೆದದ್ದು ಬಾವಿಯ ಹಗ್ಗದಿಂದ. ಬಾವಿ ಅವರ ಪಾಲಿಗೆ ಹೋಗಿತ್ತು, ಹಗ್ಗವೂ ಅವರದೇ. ಹಗ್ಗದ ಇನ್ನೊಂದು ತುದಿ ಹಿಡಿದವರು ನನ್ನ ಅಪ್ಪ. ಅಣ್ಣ ಎಲ್ಲಿ ನಿಲ್ಲು ಎಂದರೆ ಅಲ್ಲಿ ನಿಲ್ಲುವುದು ಅವರ ಸ್ವಭಾವ. ಅಳತೆ ಮುಗಿದಾಗ ನಮಗೆ ಉಳಿದದ್ದು ಅರ್ಧ ಪಡಸಾಲೆ, ಒಂದು ಅಡಿಗೆ ಕೋಣೆ, ಒಂದು ಹಸು ಕಟ್ಟುವಷ್ಟು ಕೊಟ್ಟಿಗೆ, ಮತ್ತೆ ಮನೆಯ ಪಡುವಣ ಗೋಡೆಗುಂಟ ಓಣಿಯವರೆಗೆ ಹೋಗುವ ಒಂದು ಪಟ್ಟಿ. ಪಟ್ಟಿಯ ಆಚೆ ಬದಿಗೆ ದೊಡ್ಡಪ್ಪ ತಮ್ಮ ಹಿತ್ತಿಲಿಗೆಂದು ಎದೆಮಟ್ಟದ ಕಲ್ಲಿನ ಗೋಡೆ ಏರಿಸಿದರು. ಅವ್ವ ನಡುವೆ ನಿಂತು ಎರಡೂ ಕೈ ಚಾಚಿದರೆ ಈಚಿನ ಗೋಡೆಯೂ ಆಚಿನ ಗೋಡೆಯೂ ಬೆರಳಿಗೆ ತಾಗುತ್ತಿದ್ದವು, ಅಷ್ಟೇ ಅಗಲ. ಅಜ್ಜನ ಕಾಲದಲ್ಲಿ ಮನೆ ಕಟ್ಟುವಾಗ ಸುಣ್ಣ ಅರೆದದ್ದು ಅಲ್ಲೇ. ಒಂದು ಗೇಣು ಕೆದರಿದರೆ ಬಿಳಿ ಗಚ್ಚು, ಅದರ ಕೆಳಗೆ ಒಡೆದ ಕಲ್ಲು, ಅದಕ್ಕೂ ಕೆಳಗೆ ಗರಸು. ಅಲ್ಲಿ ಕಸವೂ ಹುಟ್ಟುವುದಿಲ್ಲ ಎಂದು ದೊಡ್ಡವ್ವ ಹೇಳುತ್ತಿದ್ದದ್ದು ಸುಳ್ಳಲ್ಲ. ಸುಳ್ಳಲ್ಲದ ಮಾತನ್ನೂ ಚುಚ್ಚುವಂತೆ ಹೇಳುವುದು ಅವರಿಗೆ ಬರುತ್ತಿತ್ತು.

ಅಪ್ಪ ಮರಾಠಿ ಸೀಮೆಯ ಜತ್ತ ಎಂಬ ಊರಿನ ಕಚೇರಿಯಲ್ಲಿ ಕಾರಕೂನರು. ಸೋಮವಾರ ಹೋದರೆ ಶನಿವಾರ ಸಂಜೆಗೆ ನಮ್ಮೂರು ಸೊರಡಿಗೆ ಬರುತ್ತಿದ್ದರು. ವಾರದ ಉಳಿದ ದಿನ ನಮ್ಮ ಪಾಲಿನ ಮನೆಯನ್ನು ನಡೆಸಿದವಳು ಅವ್ವ, ಅವಳ ಬಾಯಿಯಾಗಿದ್ದವಳು ನಾನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಂಡನ ಅಣ್ಣನೊಂದಿಗೆ ಅವ್ವ ನೇರವಾಗಿ ಮಾತಾಡುವಂತಿರಲಿಲ್ಲ. ದೊಡ್ಡಪ್ಪ ಎದುರಾದರೆ ಸೆರಗು ಹಣೆಯವರೆಗೆ ಎಳೆದು ಬಾಗಿಲ ಮರೆಗೆ ಸರಿಯಬೇಕು. ಹೇಳುವುದು ಏನಿದ್ದರೂ ನನ್ನ ಮುಖಾಂತರ. ಇಬ್ಬರೂ ಹತ್ತು ಹೆಜ್ಜೆಯ ಅಂತರದಲ್ಲಿ ನಿಂತಿರುತ್ತಿದ್ದರು, ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ "ಹೇಳು ನಿಮ್ಮವ್ವಗ" ಎಂದು ಅವರು, "ಹೇಳು ನಿಮ್ಮ ದೊಡ್ಡಪ್ಪಾರಿಗೆ" ಎಂದು ಇವಳು. ನಡುವೆ ಏಳು ವರ್ಷದ ನಾನು ಅದೇ ಮಾತನ್ನು ಎರಡನೆಯ ಸಲ ಆಡಬೇಕು. ಬಿಸಿ ಮಾತನ್ನು ತುಸು ಆರಿಸಿ ದಾಟಿಸುವುದನ್ನು ನಾನು ಆಗಲೇ ಕಲಿತಿದ್ದೆ. ಕೇಳಿಸಿಕೊಂಡವರು ಮೊದಲೇ ಬಿಸಿಯಾಗಿರುತ್ತಿದ್ದರು, ಅದು ಬೇರೆ ಮಾತು.

ಹೂವಿನ ಕಥೆ ಶುರುವಾದದ್ದು ಒಂದು ಸೋಮವಾರ. ನಮ್ಮಲ್ಲಿ ಬೆಳಗಿನ ಸ್ನಾನವಾದ ಮೇಲೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವುದಿಲ್ಲ. ಅಂಗೈಯಲ್ಲಿ ಲಿಂಗ, ವಿಭೂತಿ, ಮೇಲೊಂದು ಹೂವು. ಪಾಲಾಗುವ ಮೊದಲು ಹೂವು ಬಾವಿಯ ಸುತ್ತ ಬೆಳೆದ ಗಿಡಗಳಿಂದ ಬರುತ್ತಿತ್ತು. ಆ ದಿನ ಹಳೆಯ ರೂಢಿಯಂತೆ ನಾನು ಆ ಕಡೆ ಹೋಗಿ, ಗಿಡಕ್ಕೆ ಕೈ ಹಚ್ಚದೆ, ನೆಲಕ್ಕೆ ಬಿದ್ದ ನಾಲ್ಕು ಪಾರಿಜಾತದ ಹೂವನ್ನು ಲಂಗದಲ್ಲಿ ಆರಿಸಿಕೊಂಡಿದ್ದೆ. ದೊಡ್ಡವ್ವ ಬಂದು ನನ್ನ ಲಂಗದ ಚುಂಗು ಬಿಡಿಸಿ ಹೂವನ್ನು ತಮ್ಮ ಬುಟ್ಟಿಗೆ ಹಾಕಿಕೊಂಡರು.

"ಪಾಲ ಮುಗದಾವ. ಬಿದ್ದ ಹೂವಿಗೂ ಪಾಲ ಐತಿ. ನಿಮ್ಮವ್ವಗ ಹೇಳು," ಎಂದರು.

ನಾನು ಮಾತಿನ ಬಿಸಿ ಆರಿಸದೆ ಹಾಗೆಯೇ ಹೇಳಿದೆ. ಅವ್ವ ಕುಳಿತು, ಹೂವಿಲ್ಲದೆ ನಾಲ್ಕು ಕಾಳು ಜೋಳ ಏರಿಸಿ ಪೂಜೆ ಮುಗಿಸಿದಳು. ಮುಗಿದ ಮೇಲೆ ಸಲಿಕೆ ತೆಗೆದುಕೊಂಡು ಪಟ್ಟಿಗೆ ಹೋದಳು. ಒಲೆ ಹೊತ್ತಿರಲಿಲ್ಲ. ನಾನು ತಂಗಳ ರೊಟ್ಟಿ, ಶೇಂಗಾ ಚಟ್ನಿ ತಿಂದು ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಓಣಿಯ ಬದಿಗೆ ಗಚ್ಚಿನ ಹೆಂಟೆಗಳ ಒಂದು ದಿಬ್ಬವೇ ಬಿದ್ದಿತ್ತು. ಅವ್ವನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಮೊದಲ ವರ್ಷ ಅವಳು ತನಗೆ ಬೇಕಾದದ್ದನ್ನೆಲ್ಲ ಹಚ್ಚಿದಳು. ಅಪ್ಪ ಜತ್ತದ ಸಂತೆಯಿಂದ ದುಂಡುಮಲ್ಲಿಗೆಯ ಸಸಿ ತಂದುಕೊಟ್ಟರು. ಅದರ ಎಲೆ ಹಳದಿಯಾಗಿ ಒಂದೊಂದೇ ಉದುರಿ, ದಸರೆಯ ಹೊತ್ತಿಗೆ ಬರೀ ಕಡ್ಡಿ ಉಳಿಯಿತು. ಗುಡ್ಡಾಪುರದ ದಾನಮ್ಮನ ಗುಡಿಗೆ ಹೋದಾಗ ಅಲ್ಲಿಯ ತೋಟದವರನ್ನು ಕೇಳಿ ಶೇವಂತಿಗೆ ತಂದಳು. ಅದು ಬೇಸಿಗೆಯಲ್ಲಿ ಸುಟ್ಟಿತು. ದಾಸವಾಳ ಮಾತ್ರ ಚಿಗುರಿತು, ಮೊಗ್ಗೂ ಬಿಟ್ಟಿತು. ನಾವು ಹೊಲಕ್ಕೆ ಹೋದ ಒಂದು ಮಧ್ಯಾಹ್ನ ಓಣಿಯ ಆಡುಗಳು ಒಳಗೆ ನುಗ್ಗಿ ಅದನ್ನು ಬೊಡ್ಡೆಯವರೆಗೂ ತಿಂದವು. ಗೋಡೆಯಾಚೆಯಿಂದ ದೊಡ್ಡವ್ವ ನಕ್ಕದ್ದು ನಮಗೆ ಕೇಳಿಸಿತು. ಕೇಳಿಸಲಿ ಎಂದೇ ನಕ್ಕದ್ದು.

ಬಾಳವ್ವ ಬಂದದ್ದು ಆಗ. ಅವಳು ಕುರುಬರ ಹಿರಿಯ ಹೆಣ್ಣುಮಗಳು. ಅವಳ ಮನೆಯವರು ವರ್ಷಕ್ಕೊಮ್ಮೆ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು, ಹೊಲಕ್ಕೆ ಗೊಬ್ಬರವಾಗಲೆಂದು. ಆ ದಿನ ಅವ್ವ ಕೊಟ್ಟ ಬಿಸಿ ರೊಟ್ಟಿ, ಪುಂಡಿಪಲ್ಯವನ್ನು ಕೈಯಲ್ಲೇ ಹಿಡಿದುಕೊಂಡು ಪಟ್ಟಿಯ ಬಾಯಿಗೆ ಬಂದು ಕುಳಿತಳು. ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ಉಗುಳಿದಳು.

"ಬರೇ ಸುಣ್ಣ ಐತಿ. ಇದರಾಗ ಏನೇನ ಹಚ್ಚಿದ್ದಿ, ಗೌರವ್ವಾ?"

"ಮಲ್ಲಿಗಿ ಹಚ್ಚಿದ್ದೆ, ಹಳದಿ ಆಗಿ ಹೋತು. ಶ್ಯಾವಂತಿಗಿ ಸುಟ್ಟ ಹೋತು. ದಾಸಾಳ ಆಡು ತಿಂದ್ವು."

"ನೀ ನಿನಗ ಬೇಕಾದ್ದು ಹಚ್ಚಾಕ ಹತ್ತೀದಿ. ಈ ಜಾಗಾಕ ಏನ ಬೇಕಂತ ಕೇಳೀದೇನ?"

ಅವ್ವ ದಾಸವಾಳದ ಬೋಳು ಬೊಡ್ಡೆಯ ಕಡೆ ನೋಡಿದಳು. ಬಾಳವ್ವ ರೊಟ್ಟಿ ಮುರಿಯುತ್ತ ಹೇಳಿದಳು:

"ನಾ ಹುಟ್ಟಿದಾಗಿಂದ ಕುರಿ ಹಿಂದ ತಿರಗೀನಿ. ಕುರಿ ಮುಟ್ಟಲಾರದ ಗಿಡ ಯಾವುದೋ, ಅದು ಎಲ್ಲಿ ಬೇಕಾದ್ರೂ ಬದುಕತೈತಿ. ನೀರ ಇಲ್ಲಂದ್ರೂ ಬದುಕತೈತಿ, ಮಣ್ಣ ಇಲ್ಲಂದ್ರೂ ಬದುಕತೈತಿ. ಅಂಥಾದ್ದ ಹಚ್ಚು."

ಮರುದಿನ ನಾವು ಮೂವರೂ ಹಳ್ಳದ ದಂಡೆಗುಂಟ ಗಿಡ ಆರಿಸಲು ಹೋದೆವು. ನನ್ನ ಬದುಕಿನಲ್ಲಿ ನಾನು ಕಂಡ ದೊಡ್ಡ ಅಂಗಡಿ ಅದು. ಬಾಳವ್ವ ಒಂದೊಂದನ್ನೇ ತೋರಿಸುತ್ತ ಹೋದಳು, ಅವ್ವ ಒಲ್ಲೆ ಎಂದದ್ದೇ ಹೆಚ್ಚು. ಎಕ್ಕೆ ಬೇಡ, ಅದರ ಹಾಲು ಕಣ್ಣಿಗೆ ಸಿಡಿದರೆ ಹುಡುಗಿಯ ಗತಿಯೇನು. ದತ್ತೂರಿ ಶಿವನಿಗೆ ಪ್ರೀತಿ, ಆದರೆ ಅದರ ಕಾಯಿ ಓಣಿಯ ಮಕ್ಕಳ ಕೈಗೆ ಸಿಗಬಾರದು, ಬೇಡ. ಹಳದಿ ಹೂವಿನ ಮುಳ್ಳುಗೋರಂಟಿ ಕಂಡಾಗ ಅವಳ ಮುಖ ಅರಳಿತು. ಓಣಿಯ ಬದಿಗೆ ಇದನ್ನು ಸಾಲು ಹಿಡಿದು ಹಚ್ಚಿದರೆ ಹೂವೂ ಆಯಿತು, ಆಡಿಗೆ ಬೇಲಿಯೂ ಆಯಿತು. ಆಮೇಲೆ ಸದಾಫುಲಿ, ಹನ್ನೆರಡು ತಿಂಗಳೂ ಬಿಡುವ ಆ ತಿಳಿಗೆಂಪು ಹೂವು. ಅದು ಕಲ್ಲಿನ ಸಂದಿಯಲ್ಲಿ ನಿಂತು ನಗುತ್ತಿತ್ತು. ಕೊನೆಗೆ ಹಳ್ಳದ ಉಸುಕಿನಲ್ಲಿ ಆಳೆತ್ತರ ನಿಂತ ಕಣಗಿಲ, ಕೆಂಪು ಒಂದು, ಬಿಳಿ ಒಂದು. ಬಾಳವ್ವ ನನ್ನ ಗದ್ದ ಹಿಡಿದೆತ್ತಿ ಹೇಳಿದಳು:

"ಇದರ ಎಲಿ, ಕಡ್ಡಿ ಯಾವುದೂ ಬಾಯಾಗ ಹೋಗಬಾರದು. ಮುಟ್ಟಿದ ಮ್ಯಾಲೆ ಕೈ ತೊಳೀಬೇಕು. ತಿಳೀತೇನ?"

ತಿಳಿಯಿತು ಎಂದೆ. ಅವ್ವ ನನ್ನಿಂದ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡಳು.

ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಹಚ್ಚಿದೆವು. ಅದಕ್ಕೂ ಮೊದಲು ಒಂದು ತಿಂಗಳು ಮಣ್ಣನ್ನು ಜರಡಿ ಹಿಡಿದು ಸುಣ್ಣದ ಹರಳು ತೆಗೆದೆವು, ಬಾಳವ್ವ ಕಳಿಸಿದ ಎರಡು ಚೀಲ ಕುರಿಹಿಕ್ಕೆ ಬೆರೆಸಿದೆವು, ಬಚ್ಚಲ ನೀರು ಪಟ್ಟಿಯ ಉದ್ದಕ್ಕೂ ಹರಿಯುವಂತೆ ಸಣ್ಣ ಕಾಲುವೆ ತೋಡಿದೆವು. ಬಾವಿ ನಮ್ಮದಲ್ಲದಿದ್ದರೂ ಸ್ನಾನ ಮಾಡಿದ ನೀರು ನಮ್ಮದೇ ಆಗಿತ್ತಲ್ಲ. ಸದಾಫುಲಿಯನ್ನು ಕಂಡ ದಿನ ದೊಡ್ಡವ್ವ ಗೋಡೆಯ ಮೇಲೆ ಮೊಳಕೈ ಊರಿ ನನ್ನನ್ನು ಕರೆದರು.

"ಈ ಹೂ ಸುಡಗಾಡದಾಗ ಬೆಳೀತಾವ. ಮನ್ಯಾಗ ಹಚ್ಚೂದಲ್ಲ. ಹೇಳು ನಿಮ್ಮವ್ವಗ."

ಅವ್ವ ಬಗ್ಗಿದವಳು ಬಗ್ಗಿದಂತೆಯೇ ಇದ್ದಳು.

"ಸುಡಗಾಡದಾಗ ಬೆಳ್ಯೂದಾದ್ರ, ಅವರು ನಮಗ ಕೊಟ್ಟ ಜಾಗಾದಾಗೂ ಬೆಳೀತೈತಿ. ಹೇಳು ನಿಮ್ಮ ದೊಡ್ಡವ್ವಗ."

ಆ ಮಾತನ್ನು ನಾನು ಆರಿಸಲಿಲ್ಲ. ಒಂದು ಅಕ್ಷರ ಬಿಡದೆ ದಾಟಿಸಿದೆ.

ಮೂರನೆಯ ವರ್ಷಕ್ಕೆ ಆ ಪಟ್ಟಿಯನ್ನು ನೋಡಲು ಜನ ಓಣಿಯಲ್ಲಿ ನಿಲ್ಲುತ್ತಿದ್ದರು. ಮುಂದೆ ಗೋರಂಟಿಯ ಹಳದಿ ಸಾಲು, ಅದರ ಹಿಂದೆ ಕಾಲುವೆಯ ಎರಡೂ ದಂಡೆಗೆ ಸದಾಫುಲಿ, ಗೋಡೆಗೆ ಬೆನ್ನು ಹಚ್ಚಿ ನಿಂತ ಕಣಗಿಲದ ಗೊಂಚಲು. ಬೆಳಿಗ್ಗೆ ಏಳುವ ಹೊತ್ತಿಗೆ ಹತ್ತು ಮನೆಯ ಹುಡುಗಿಯರು ಬುಟ್ಟಿ ಹಿಡಿದು ಬರುತ್ತಿದ್ದರು. ಅವ್ವ ಯಾರಿಗೂ ಇಲ್ಲವೆನ್ನಲಿಲ್ಲ. ಆ ವರ್ಷ ಬಾವಿಯ ನೀರು ತಳ ಕಂಡಿತು, ದೊಡ್ಡವ್ವನ ಮಲ್ಲಿಗೆ, ಪಾರಿಜಾತ ಒಣಗಿ ನಿಂತವು. ಒಂದು ದಿನ ದೊಡ್ಡವ್ವನ ಮಗಳೂ ಬುಟ್ಟಿ ಹಿಡಿದು ಬಂದಳು. ನನಗಿಂತ ಎರಡು ವರ್ಷ ದೊಡ್ಡವಳು. ನಾನು ದಾರಿಗೆ ಅಡ್ಡ ನಿಂತೆ.

"ಪಾಲ ಮುಗದಾವ. ಹೂವಿಗೂ ಪಾಲ ಐತಿ," ಎಂದೆ.

ಅವಳು ಅಳುಮುಖ ಮಾಡಿದಳು. ಹಿಂದಿನಿಂದ ಅವ್ವನ ಕೈ ನನ್ನ ಕೆನ್ನೆಗೆ ಬಿತ್ತು. ಅವಳು ನನ್ನನ್ನು ಹೊಡೆದದ್ದು ತೀರ ಕಡಿಮೆ, ಇದು ಅದರಲ್ಲೊಂದು. ಬುಟ್ಟಿ ತುಂಬ ಹೂವು ಹಾಕಿ ಆ ಹುಡುಗಿಯನ್ನು ಕಳಿಸಿಕೊಟ್ಟ ಮೇಲೆ ನನಗೆ ಹೇಳಿದಳು:

"ಅವರು ಅಂದದ್ದ ನೀನೂ ಅಂದ್ರ, ನಾ ಈ ಗಿಡ ಹಚ್ಚಿದ್ದ ಯಾಕ?"

ನನಗೆ ಆಗ ಅದು ಅರ್ಥವಾಗಲಿಲ್ಲ. ಅರ್ಥವಾದದ್ದು ಕೆನ್ನೆಯ ಉರಿ ಮಾತ್ರ. ಎರಡು ದಿನ ಬಿಟ್ಟು ಅವ್ವ ಕಣಗಿಲದ ಉದ್ದ ಟೊಂಗೆಗಳನ್ನು ಸವರಿ, ಕೊಟ್ಟಿಗೆಯ ಹಿಂದೆ ತೋಡಿದ ಕುಣಿಗೆ ಒಯ್ದು ಹಾಕು, ಒಣಗಿದ ಮೇಲೆ ಸುಡೋಣ ಎಂದಳು. ಬಿಸಿಲು ಸುಡುತ್ತಿತ್ತು, ಕುಣಿ ದೂರವಿತ್ತು, ಗೋಡೆ ಹತ್ತಿರವಿತ್ತು. ಎರಡು ಹೊರೆ ಕುಣಿಗೆ ಒಯ್ದೆ. ಮೂರನೆಯದನ್ನು ಗೋಡೆಯಾಚೆ ಒಗೆದೆ. ಸೋಮಾರಿತನ ಎಂದು ಹೇಳಿ ಪಾರಾಗಬಹುದು, ಆದರೆ ಅದಷ್ಟೇ ಅಲ್ಲ. ಅವರ ಹಿತ್ತಿಲು ಹೊಲಸಾಗಲಿ, ದೊಡ್ಡವ್ವ ಬಗ್ಗಿ ಬಗ್ಗಿ ಎತ್ತಲಿ ಎಂಬ ಸಣ್ಣ ಸಂತೋಷವೂ ಇತ್ತು. ಕುರಿಯೇ ಮುಟ್ಟದ ಗಿಡವನ್ನು ಬೇರೆ ದನ ಮುಟ್ಟೀತು ಎಂದು ಮಾತ್ರ ನನಗೆ ಹೊಳೆಯಲಿಲ್ಲ.

ಮೂರನೆಯ ದಿನ ದೊಡ್ಡಪ್ಪನ ಹೋರಿಗರು ಸತ್ತಿತು. ವರ್ಷ ತುಂಬಿದ ಕರು, ಮುಂದೆ ಗಳೆಗೆ ಹೂಡಲೆಂದು ಅವರು ಕೈಯಾರೆ ಹಿಂಡಿ ತಿನಿಸಿ ಸಾಕಿದ್ದು. ಬೆಳಿಗ್ಗೆ ಬಾಯಲ್ಲಿ ನೊರೆ ಬಂದು ಬಿದ್ದದ್ದು ಮಧ್ಯಾಹ್ನಕ್ಕೆ ಏಳಲೇ ಇಲ್ಲ. ಸುದ್ದಿ ಕೇಳಿದೊಡನೆ ನಾನು ಬಚ್ಚಲಿಗೆ ಹೋಗಿ ಮತ್ತೊಮ್ಮೆ ಕೈ ತೊಳೆದುಕೊಂಡೆ. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಬಾಡಿದ ಕಣಗಿಲದ ಟೊಂಗೆ ಹಿಡಿದು ಪಟ್ಟಿಯ ಬಾಯಿಗೆ ಬಂದರು. ಹಿಂದೆ ಓಣಿಯ ಏಳೆಂಟು ಮಂದಿ. ಅವ್ವ ಅಡಿಗೆ ಕೋಣೆಯ ಬಾಗಿಲ ಮರೆಯಲ್ಲಿ, ನಾನು ಎಂದಿನಂತೆ ನಡುವೆ.

"ಹೇಳು ನಿಮ್ಮವ್ವಗ, ನನ್ನ ಕರಾ ಸತ್ತೈತಿ. ಈ ಟೊಂಗಿ ನನ್ನ ಹಿತ್ತಲದಾಗ ಹೆಂಗ ಬಂತಂತ ಕೇಳು."

ಅವ್ವ ನನ್ನನ್ನೇ ನೋಡಿದಳು.

"ನೀ ಒಗದಿಯೇನ?"

ತಲೆಯಾಡಿಸಿದೆ.

"ತಲಿ ಅಲ್ಲ, ಬಾಯಿಲೆ. ಎಲ್ಲಾರಿಗೂ ಕೇಳೂ ಹಂಗ ಹೇಳು."

"ನಾ ಒಗದೆ. ಕುಣ್ಯಾಗ ಹಾಕಂದಿದ್ಲು ಅವ್ವ. ನಾ ಗ್ವಾಡಿ ಮ್ಯಾಲಿಂದ ಒಗದೆ."

ಅವ್ವ ಬಾಗಿಲ ಮರೆಯಿಂದ ಹೊರಗೆ ಬಂದಳು. ಹಣೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. ಓಣಿಯ ಜನ ಅವಳ ಮುಖವನ್ನು ಹಾಗೆ ಬಿಸಿಲಲ್ಲಿ ನೋಡಿದ್ದು ಅದೇ ಮೊದಲಿರಬೇಕು.

"ಭಾವಾರ, ತಪ್ಪ ನಮ್ಮದು," ಎಂದಳು. "ನಮ್ಮ ಕೊಟ್ಟಿಗ್ಯಾಗ ಒಂದ ಹೋರಿಗರಾ ಐತಿ. ಅದನ್ನ ಹೊಡಕೊಂಡ ಹೋಗ್ರಿ. ಗಿಡಕ್ಕ ಕೈ ಹಚ್ಚಬ್ಯಾಡ್ರಿ."

ದೊಡ್ಡಪ್ಪ ತಬ್ಬಿಬ್ಬಾಗಿ ನನ್ನ ಕಡೆಗೇ ತಿರುಗಿದರು.

"ಹೇಳು ನಿಮ್ಮವ್ವಗ..."

"ನನಗ ಹೇಳ್ರಿ. ಇಲ್ಲೇ ನಿಂತೀನಿ."

"ಮನಿಗೆ ಹತ್ತಿ ಯಾರರೆ ವಿಷ ಬೆಳಸ್ತಾರೇನು?"

"ವಿಷ ಐತಿ ಅಂತನ ಉಳದೈತ್ರಿ. ನೀವು ಅಳದ ಕೊಟ್ಟ ಜಾಗಾದಾಗ ಮಲ್ಲಿಗಿ ಹಚ್ಚಿದೆ, ಹೋತು. ದಾಸಾಳ ಹಚ್ಚಿದೆ, ಹೋತು. ಇದೊಂದ ನಿಂತೈತಿ. ನಿಂತದ್ದನ್ನ ನಾ ಕಡ್ಯಾಕ ಕೊಡೂದಿಲ್ಲ."

"ಕಡದ್ರ ಏನ ಮಾಡ್ತಿ?"

"ಕಡದ್ರ ನಾಳಿ ಮತ್ತ ಕಡ್ಡಿ ಊರತೀನಿ. ಹಳ್ಳದ ತುಂಬ ಐತ್ರಿ ಕಣಗಿಲ."

ಅವಳ ದನಿ ಏರಿರಲಿಲ್ಲ. ಅದೇ ದನಿಯಲ್ಲಿ ಅವಳು ನನಗೆ ಕೊಡ ತೊಳೆ ಎನ್ನುತ್ತಿದ್ದಳು. ಓಣಿಯ ಹಿರಿಯರೊಬ್ಬರು ಮುಂದೆ ಬಂದು ದೊಡ್ಡಪ್ಪನ ಕೈಯಿಂದ ಕೊಡಲಿ ಇಸಿದುಕೊಂಡರು. "ಕರಾಕ್ಕ ಕರಾ ಕೊಡಾಕ ಹತ್ಯಾಳ. ಇನ್ನೇನ ಬೇಕೋ ನಿನಗ," ಎಂದರು. ದೊಡ್ಡಪ್ಪ ಕೊಡಲಿ ಬಿಟ್ಟರು, ಟೊಂಗೆಯನ್ನು ನಮ್ಮ ಕಾಲುವೆಗೆ ಎಸೆದು ಹೋದರು. ಅವ್ವ ಕೊಟ್ಟಿಗೆಯಿಂದ ಕರುವನ್ನು ಬಿಚ್ಚಿ ತಂದು ಹಗ್ಗ ನನ್ನ ಕೈಗೆ ಕೊಟ್ಟಳು. ಒಯ್ಯಬೇಕಾದವಳು ನಾನೇ. ಓಣಿ ಸುತ್ತಿ ದೊಡ್ಡಪ್ಪನ ಬಾಗಿಲಿಗೆ ಐವತ್ತು ಹೆಜ್ಜೆ ಇರಬಹುದು. ಆ ಕರು ನನ್ನ ಮೇಲೆ ನಂಬಿಕೆಯಿಟ್ಟು, ಒಮ್ಮೆಯೂ ಹಗ್ಗ ಜಗ್ಗದೆ, ನನ್ನ ಹಿಂದೆ ಬಂತು.

ಸಂಜೆ ಬಾಳವ್ವ ಬಂದಳು. ನಡೆದದ್ದೆಲ್ಲ ಕೇಳಿ ನನ್ನ ತಲೆಯ ಮೇಲೆ ಕೈಯಿಟ್ಟಳು. "ಹಸೀದು ಮುಟ್ಟೂದಿಲ್ಲ ಯವ್ವಾ, ಬಾಡಿದ್ರ ತಿಂತಾವ. ಅದನ್ನ ನಾ ನಿನಗ ಹೇಳಬೇಕಾಗಿತ್ತು," ಎಂದಳು. ತಪ್ಪಿನಲ್ಲಿ ತನ್ನದೂ ಒಂದು ಪಾಲು ಎತ್ತಿಕೊಂಡವಳು ಅವಳೊಬ್ಬಳೇ.

ಶನಿವಾರ ಅಪ್ಪ ಬಂದರು. ದೊಡ್ಡಪ್ಪ ಅವರನ್ನು ಓಣಿಯಲ್ಲೇ ಹಿಡಿದು ಎಲ್ಲ ಹೇಳಿದ್ದರು. ಕಾಲು ತೊಳೆಯುವ ಮೊದಲೇ ಅವ್ವನಿಗೆ ಹೇಳಿದರು:

"ಹೋಗಲಿ ಬಿಡು. ಒಂದ ಗಿಡದ ಸಲುವಾಗಿ ಅಣ್ಣನ ಕೂಡ ಯಾಕ? ಕಡದ ಹಾಕೂಣು."

ಅವ್ವ ಒಳಗೆ ಹೋಗಿ ಕುಡುಗೋಲು ತಂದು ಅವರ ಮುಂದಿಟ್ಟಳು.

"ನೀವ ಕಡೀರಿ. ನಿಮ್ಮ ಕೈಲೆ."

ಅಪ್ಪ ಕುಡುಗೋಲನ್ನು ನೋಡಿದರು, ಅವ್ವನನ್ನು ನೋಡಿದರು. ಆಮೇಲೆ ಕಾಲು ತೊಳೆದುಕೊಂಡು ಊಟಕ್ಕೆ ಕುಳಿತರು. ಕುಡುಗೋಲು ಮರುದಿನ ಸಂಜೆಯವರೆಗೆ ಅಲ್ಲೇ ಬಿದ್ದಿತ್ತು. ಅದನ್ನು ದಾಟಿಕೊಂಡೇ ಎಲ್ಲರೂ ಓಡಾಡಿದೆವು.

ನಮ್ಮ ಹಸು ಮೂರು ದಿನ ಒದರಿತು. ಗೋಡೆಯಾಚೆಯಿಂದ ಕರು ಓಗೊಡುತ್ತಿತ್ತು. ನಾಲ್ಕನೆಯ ದಿನ ಹಸು ಹಾಲು ಕಟ್ಟಿಕೊಂಡಿತು, ತಿಂಗಳೊಪ್ಪತ್ತಿನಲ್ಲಿ ಬತ್ತಿತು. ರೊಟ್ಟಿಯ ಜೊತೆಗೆ ಮಜ್ಜಿಗೆ ಹೋಗಿ ನೀರು ಬಂತು. ನಾನು ತಡೆಯಲಾರದೆ ಒಂದು ದಿನ ಅವ್ವನ ಸೆರಗು ಹಿಡಿದು ಅತ್ತೆ, ಗಿಡ ಕಡಿದುಬಿಡು, ಕರು ತರೋಣ ಎಂದೆ. ಅವಳು ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು ಹಸುವಿನ ಮುಂದೆ ನಿಲ್ಲಿಸಿದಳು.

"ಇದರ ಮಾರಿ ನೋಡು. ನಿನ್ನ ಕೈಲೆ ಆದದ್ದು, ನೀ ನೋಡಬೇಕು. ಆದ್ರ ಗಿಡ ಕಡದ್ರ ಕರಾ ಬರೂದಿಲ್ಲ. ಎರಡೂ ಹೋಗತಾವ."

ಅಂದಿನಿಂದ ಸವರಿದ ಟೊಂಗೆಗಳನ್ನು ನಾವಿಬ್ಬರೂ ಕೂಡಿಯೇ ಎಣಿಸಿ ಕುಣಿಗೆ ಹಾಕಿ ಸುಡುತ್ತಿದ್ದೆವು, ಹೊಗೆ ಮೂಗಿಗೆ ಬಾರದಂತೆ ಗಾಳಿಯ ಮೇಲ್ಬದಿಗೆ ನಿಂತು. ಕರು ಕೊಂದ ಗಿಡದ ಹೂವು ದೇವರಿಗೆ ಆಗದು ಎಂದು ಊರಲ್ಲಿ ಮಾತೆದ್ದಿತು. ಬುಟ್ಟಿ ಹಿಡಿದು ಬರುವ ಹುಡುಗಿಯರು ನಿಂತರು. ಅವ್ವ ದಿನವೂ ಬೆಳಿಗ್ಗೆ ಎಲ್ಲರಿಗೂ ಕಾಣುವಂತೆ ಕಣಗಿಲವನ್ನೇ ಕೊಯ್ದು, ಅಂಗೈಯ ಲಿಂಗಕ್ಕೆ ಅದನ್ನೇ ಏರಿಸಿದಳು. ಶ್ರಾವಣ ಬರುವ ಹೊತ್ತಿಗೆ ಹುಡುಗಿಯರು ಒಬ್ಬೊಬ್ಬರೇ ಮತ್ತೆ ಬಂದರು. ಶ್ರಾವಣದಲ್ಲಿ ಹೂವಿಲ್ಲದೆ ಯಾರ ಮನೆ ನಡೆಯುತ್ತದೆ.

ನಾನು ನಾಲ್ಕನೇ ಇಯತ್ತೆ ಪಾಸಾದ ಬೇಸಿಗೆಯಲ್ಲಿ ಮುಂದಿನ ಮಾತು ಎದ್ದಿತು. ಸೊರಡಿಯಲ್ಲಿ ಅದರ ಮುಂದೆ ಶಾಲೆಯಿಲ್ಲ. ಜತ್ತದಲ್ಲಿ ಅಪ್ಪನಿಗೆ ಒಂದು ಬಾಡಿಗೆಯ ಕೋಣೆಯಿತ್ತು, ನಾನೂ ಅಲ್ಲೇ ಇದ್ದು ಮರಾಠಿ ಶಾಲೆಗೆ ಹೋಗಲಿ ಎಂದು ಅವ್ವನ ವಿಚಾರ. ಸುದ್ದಿ ತಿಳಿದು ದೊಡ್ಡಪ್ಪ ಒಂದು ರವಿವಾರ ನಮ್ಮ ಪಡಸಾಲೆಗೆ ಬಂದು ಕುಳಿತರು, ಅಪ್ಪನಿಗೆ ಬುದ್ಧಿ ಹೇಳಲು.

"ಹೆಣ್ಣ ಹುಡುಗಿ ಜತ್ತಕ್ಕ ಹೋಗಿ ಏನ ಮಾಡಾಕಿ? ಇಲ್ಲಿದ್ದಾಗ ಅಕೀನ ಕೈಲೆ ಒಂದ ಕರಾ ಹೋತು. ಅಲ್ಲಿ ಹೋಗಿ ಇನ್ನೇನ ಮಾಡ್ಯಾಳು."

ಅಪ್ಪ ನೆಲ ನೋಡುತ್ತಿದ್ದರು. ಅಡಿಗೆ ಕೋಣೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅ‌ವಳು ಎದ್ದು ಬರುವಳೆಂದು ನನಗೆ ಗೊತ್ತಿತ್ತು. ಬರುವ ಮೊದಲೇ ನಾನು ದೊಡ್ಡಪ್ಪನ ಎದುರು ಹೋಗಿ ನಿಂತೆ.

"ಕರಾ ಹೋದದ್ದ ನನ್ನ ಕೈಲೆ, ದೊಡ್ಡಪ್ಪಾ. ಅದನ್ನ ಊರ ಮುಂದ ನಾನ ಹೇಳೀನಿ. ಇದನ್ನೂ ನಾನ ಹೇಳತೀನಿ. ನಾ ಸಾಲಿಗೆ ಹೋಗತೀನಿ."

ದೊಡ್ಡಪ್ಪ ತಮ್ಮನ ಕಡೆ ನೋಡಿದರು, ಇವಳನ್ನು ಸುಮ್ಮನಿರಿಸು ಎಂಬಂತೆ. ಅಪ್ಪ ನೆಲದಿಂದ ತಲೆ ಎತ್ತಿ, ತಮಗೇ ಅಚ್ಚರಿಯಾದಂತೆ, ಮೆಲ್ಲಗೆ ಅಂದರು:

"ಹೋಗತಾಳಂತ, ಅಣ್ಣಾ."

ಅಡಿಗೆ ಕೋಣೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.